ಮೊದಲ ಚಪ್ಪಾಳೆ

ಇಷ್ಟಕ್ಕೆಲ್ಲ ಕಾರಣ ಒಂದು ಪಾತ್ರೆ ಹಾಲು. ಎದುರಿಗೆ ನಿಂತು ಕಾಯುವ ತನಕ ಅದು ಸಾಧುವಿನಂತೆ ಸುಮ್ಮನಿತ್ತು. ಇಸ್ತ್ರಿ ಮಾಡಿಟ್ಟ ಷರಟಿನ ಗುಂಡಿ ಹಾಕಿಕೊಳ್ಳೋಣವೆಂದು ಅವನು ಆ ಕಡೆ ತಿರುಗಿದ್ದೇ ತಡ, ಬುಸ್ಸೆಂದು ಉಕ್ಕಿ ಬಂತು. ಇಕ್ಕಳ ಕೈಗೆಟಕುವಷ್ಟು ಹತ್ತಿರದಲ್ಲೇ ಮೊಳೆಗೆ ನೇತಾಡುತ್ತಿತ್ತು. ಒಲೆ ಆರಿಸುವ ತಿರುಪು ಅದಕ್ಕಿಂತ ಹತ್ತಿರದಲ್ಲಿತ್ತು. ಆದರೆ ಗಾಬರಿಗೆ ಬುದ್ಧಿ ಎಲ್ಲಿಂದ ಬರಬೇಕು? ಕಾದ ಪಾತ್ರೆಯನ್ನು ಬಲಗೈಯಲ್ಲಿ ಹಾಗೇ ಹಿಡಿದ, ಅಯ್ಯೋ ಎಂದ, ಬಿಟ್ಟ. ಹಾಲೆಲ್ಲ ನೆಲದ ಪಾಲಾಯಿತು. ಅಂಗೈ ತುಂಬ ಬೊಬ್ಬೆ ಎದ್ದಿತು.

ಬೇರೆ ದಿನವಾಗಿದ್ದರೆ ಅವನು ಹಾಲಿಗಾಗಿ ಒಂದಿಷ್ಟು, ಕೈಗಾಗಿ ಒಂದಿಷ್ಟು ದುಃಖಪಟ್ಟು, ಎಡಗೈಯಲ್ಲೇ ಬಾಗಿಲಿಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದ. ಆದರೆ ಆ ದಿನ ಸಂಜೆ ಅವನು ಚಪ್ಪಾಳೆ ತಟ್ಟಬೇಕಾಗಿತ್ತು. ಚಪ್ಪಾಳೆ ತಟ್ಟುವುದೂ ಒಂದು ಕೆಲಸವೇ ಎಂದು ಕೇಳುವವರಿಗೆ ಅದರ ಹಿಂದಿನ ಸಂಗತಿಯನ್ನು ಹೇಳಲೇಬೇಕು.

ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಕಡತದ ಕೋಣೆಯ ಗುಮಾಸ್ತ. ಯಾರು ಏನು ಹೇಳಿದರೂ "ಆಗ್ಲಿ" ಅನ್ನುವುದು ಅವನ ಅಭ್ಯಾಸ. ಕಪಾಟಿನ ಬೀಗ ರಿಪೇರಿ ಮಾಡಿಸಿ ಅಂದರೆ ಆಗ್ಲಿ, ನನ್ನ ಕೆಲಸವನ್ನೂ ನೀನೇ ಮಾಡು ಅಂದರೆ ಆಗ್ಲಿ. ಹೀಗಾಗಿ ಕಚೇರಿಯಲ್ಲಿ ಅವನ ಹೆಸರೇ ಆಗ್ಲಪ್ಪ ಎಂದಾಗಿಹೋಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ಆಗ್ಲಪ್ಪನ ಹೆಂಡತಿ ಬೆಟ್ಟದಾಚೆಯ ಊರಿನ ಶಾಲೆಯಲ್ಲಿ ಟೀಚರು. ಮಗಳು ಹುಟ್ಟಿದ್ದು, ನಡೆಯಲು ಕಲಿತದ್ದು, ಮಾತು ಕಲಿತದ್ದು ಎಲ್ಲ ಅಲ್ಲೇ. ರಜ ಸಿಕ್ಕಾಗ ಇವನು ಹೋದರೆ ಮಗು ಮೊದಲ ದಿನವೆಲ್ಲ ಅಮ್ಮನ ಹಿಂದೆ ಅವಿತುಕೊಳ್ಳುತ್ತಿತ್ತು. ಮಾರನೆಯ ದಿನ ಇಣುಕಿ ನೋಡುತ್ತಿತ್ತು. ಕೊನೆಗೆ ಧೈರ್ಯ ಮಾಡಿ ತೊಡೆಯೇರಿ ಕೂರುವ ಹೊತ್ತಿಗೆ ಇವನ ಬಸ್ಸಿಗೆ ಹೊತ್ತಾಗಿರುತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ.

ಆ ಊರಿನಲ್ಲೂ ಇಲಾಖೆಯ ಒಂದು ಶಾಖೆ ಇತ್ತು. ಅಲ್ಲಿಗೆ ವರ್ಗ ಮಾಡಿ ಎಂದು ಅವನು ಬೇಡಿಕೊಳ್ಳದ ತಿಂಗಳಿಲ್ಲ. ತೊಂದರೆ ಏನೆಂದರೆ ಅದು ಶಿಕ್ಷೆಯ ಜಾಗ. ರಸ್ತೆ ಸರಿಯಿಲ್ಲ, ಚಳಿಯಲ್ಲಿ ಹಲ್ಲು ಕಟಕಟ, ತಪ್ಪು ಮಾಡಿದವರನ್ನು ಅಲ್ಲಿಗೆ ಎತ್ತಿಹಾಕುವುದು ಹಿಂದಿನಿಂದ ನಡೆದುಬಂದ ಪದ್ಧತಿ. "ಕೇಳಿದೋರಿಗೆ ಕೊಟ್ರೆ ಅದು ಶಿಕ್ಷೆ ಹೇಗಾಗುತ್ತೆ ಕಣ್ರೀ?" ಎನ್ನುವುದು ಸಾಹೇಬರ ವಾದ. ಮೇಲಿನ ಕಚೇರಿಯವರು ಒಪ್ಪಿದರೂ ಸಾಹೇಬರು ಒಪ್ಪಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹೋಗಲಿ, ತಪ್ಪು ಮಾಡಿಯಾದರೂ ಅಲ್ಲಿಗೆ ಸೇರೋಣವೆಂದು ಆಗ್ಲಪ್ಪ ಒಮ್ಮೆ ಬೇಕೆಂದೇ ತಡವಾಗಿ ಬಂದ. ಅವತ್ತು ಸಾಹೇಬರು ಅವನಿಗಿಂತ ತಡವಾಗಿ ಬಂದರು.

ಅಂಥ ಸಾಹೇಬರು ಹೋದ ತಿಂಗಳು ತಾವಾಗಿ ಕರೆದು, ವರ್ಗ ಕೊಡುತ್ತೇನೆ, ಅದಕ್ಕೆ ಮೊದಲು ನನ್ನದೊಂದು ಕೆಲಸವಾಗಬೇಕು ಎಂದಿದ್ದರು. ಆ ಕೆಲಸವೇ ಚಪ್ಪಾಳೆ.

ಸಾಹೇಬರ ಹೆಂಡತಿ ಪಿಯಾನೊ ನುಡಿಸುತ್ತಿದ್ದರು. ಅವರ ಜೊತೆಗೆ ಕಣ್ಣಿನ ಡಾಕ್ಟರೊಬ್ಬರ ಪಿಟೀಲು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಮೇಷ್ಟರೊಬ್ಬರ ಚೆಲೊ. ಚೆಲೊ ಅಂದರೆ ಪಿಟೀಲಿನ ದೊಡ್ಡಪ್ಪನಂತಿರುವ, ನೆಲಕ್ಕೆ ಊರಿ ಮೊಣಕಾಲುಗಳ ನಡುವೆ ಹಿಡಿದು ನುಡಿಸುವ ವಾದ್ಯ. ವರ್ಷಕ್ಕೊಮ್ಮೆ ಈ ಮೂವರ ಗೋಷ್ಠಿ ಇಲಾಖೆಯ ಸಭಾಂಗಣದಲ್ಲಿ ನಡೆಯುತ್ತಿತ್ತು. ಸಿಬ್ಬಂದಿಯೆಲ್ಲ ಬಂದು ಕೇಳಲೇಬೇಕು. ಬಾಗಿಲಲ್ಲಿ ಹಾಜರಿ ಹಾಕಿಕೊಳ್ಳುತ್ತಿದ್ದರು.

ಈ ಸಂಗೀತದಲ್ಲಿ ಒಂದು ಕಟ್ಟುನಿಟ್ಟಿದೆ. ಒಂದು ಕೃತಿಗೆ ಮೂರೋ ನಾಲ್ಕೋ ಭಾಗಗಳು. ಒಂದೊಂದು ಭಾಗ ಮುಗಿದಾಗಲೂ ವಾದ್ಯಗಳು ನಿಲ್ಲುತ್ತವೆ, ಆದರೆ ಕೇಳುವವರು ಚಪ್ಪಾಳೆ ತಟ್ಟಕೂಡದು, ಕೆಮ್ಮಬಹುದು ಅಷ್ಟೇ. ಇಡೀ ಕೃತಿ ಮುಗಿದ ಮೇಲೆಯೇ ಕೈ ಎತ್ತಬೇಕು. ಹೋದ ವರ್ಷ ಇದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಭಾಗ ನಿಂತ ಕೂಡಲೆ, ಮನೆಗೆ ಹೋಗಬಹುದೆಂಬ ಖುಷಿಯಲ್ಲಿ ಎಲ್ಲರೂ ಎದ್ದುನಿಂತು ಬಾರಿಸಿದರು. ಮೇಡಂ ಕಣ್ಣು ಕೆಂಪಗೆ ಮಾಡಿದರು. ಎರಡನೆಯ ಸಲ ಅರ್ಧ ಜನ ಬಾರಿಸಿದರು. ಸಾಹೇಬರೇ ಎದ್ದು ಹಿಂದಕ್ಕೆ ತಿರುಗಿ ದುರುಗುಟ್ಟಿದರು. ಕೊನೆಗೆ ಎಲ್ಲ ಮುಗಿದು ಮೂವರೂ ಎದ್ದು ಬಾಗಿದಾಗ, ಇದೂ ಒಂದು ಪರೀಕ್ಷೆಯೇ ಇರಬೇಕೆಂದು ಇಡೀ ಸಭೆ ಕೈಕಟ್ಟಿ ಉಸಿರು ಬಿಗಿಹಿಡಿದು ಕೂತಿತ್ತು. ಆ ಮೌನದಲ್ಲೇ ಮೇಡಂ ಅಳುತ್ತ ಒಳಗೆ ಹೋದರು. ಆಮೇಲೆ ಬಹಳ ದಿನ ಸಾಹೇಬರು ಹೋಟೆಲಿನಲ್ಲಿ ಊಟ ಮಾಡಿದರೆಂದು ಅವರ ಡ್ರೈವರು ಹೇಳಿದ.

ಅದಕ್ಕೇ ಈ ವರ್ಷ ಹೊಸ ಏರ್ಪಾಡು. ಮುಂದಿನ ಸಾಲಿನ ನಡುವೆ ಆಗ್ಲಪ್ಪ ಕೂರಬೇಕು. ಅವನ ಚಪ್ಪಾಳೆ ಕೇಳುವ ತನಕ ಯಾರೂ ಕೈ ಎತ್ತಬಾರದು. ಕೇಳಿದ ಮೇಲೆ ಎಲ್ಲರೂ ಬಾರಿಸಬೇಕು, ಮೇಡಂ ಎದ್ದು ಬಾಗುವವರೆಗೂ ನಿಲ್ಲಿಸಬಾರದು. ಸಾಹೇಬರು ಅವನನ್ನೇ ಆರಿಸಿದ್ದು, ಸ್ವಂತ ಬುದ್ಧಿಯಿಂದ ಅವನು ಏನೂ ಮಾಡುವುದಿಲ್ಲ ಎಂಬ ಭರವಸೆಯಿಂದ. ಮೇಡಂ ಅವನನ್ನು ಸಂಜೆ ಸಂಜೆ ಮನೆಗೆ ಕರೆಸಿ ಕೃತಿಯನ್ನು ಕೇಳಿಸಿದರು. ಸಂಗೀತ ಅವನ ತಲೆಗೆ ಹತ್ತಲಿಲ್ಲ, ಆದರೆ ಒಂದು ಗುರುತು ಸಿಕ್ಕಿತು. ಪೂರ್ತಿ ಮುಗಿದ ಮೇಲೆ ಡಾಕ್ಟರು ಪಿಟೀಲನ್ನು ತೊಡೆಯ ಮೇಲಿಟ್ಟು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ನಡುವೆ ಎಲ್ಲೂ ತೆಗೆಯುವುದಿಲ್ಲ. ಕನ್ನಡಕ ಕೆಳಗಿಳಿದರೆ ಚಪ್ಪಾಳೆ. ಚಪ್ಪಾಳೆ ಬಿದ್ದರೆ ವರ್ಗ. ವರ್ಗವಾದರೆ ಮಗಳು. ಇಷ್ಟು ಸುಲಭದ ಲೆಕ್ಕ ಅವನ ಜೀವನದಲ್ಲಿ ಇನ್ನೊಂದು ಬಂದಿರಲಿಲ್ಲ.

ಆ ಲೆಕ್ಕದ ಮೇಲೆ ಈಗ ಹಾಲು ಚೆಲ್ಲಿತ್ತು.

ಪಾತ್ರೆ ಬಿದ್ದ ಸದ್ದಿಗೆ ಕೆಳಗಿನಿಂದ ಮನೆ ಯಜಮಾನಿ ಹತ್ತಿ ಬಂದರು. ನೆಲ ನೋಡಿ ಮೊದಲು ಬೈದರು, ಕೈ ನೋಡಿ ಆಮೇಲೆ ಮರುಗಿದರು. ಸುಟ್ಟಿದ್ದಕ್ಕೆ ಟೂತ್‌ಪೇಸ್ಟೇ ಮದ್ದು ಎಂದು ಅರ್ಧ ಟ್ಯೂಬು ಹಿಂಡಿದರು. ಅಷ್ಟರಲ್ಲಿ ಎದುರು ಕೋಣೆಯವನು ಬಂದು, ಟೂತ್‌ಪೇಸ್ಟು ಹಲ್ಲಿಗೆ, ಸುಟ್ಟಗಾಯಕ್ಕೆ ಜೇನುತುಪ್ಪ ಎಂದು ಅದರ ಮೇಲೆಯೇ ಸುರಿದ. ಪೇಪರು ಹಾಕಲು ಬಂದವನು ಮೆಟ್ಟಿಲ ಮೇಲಿಂದಲೇ ಆಲೂಗಡ್ಡೆ ತುರಿದು ಇಡಿ ಎಂದು ಸಲಹೆ ಕೊಟ್ಟ. ಯಜಮಾನಿ ಅದನ್ನೂ ತುರಿದು ತಂದರು. ಆಗ್ಲಪ್ಪ ಎಲ್ಲದಕ್ಕೂ ಆಗ್ಲಿ ಅಂದ. ಅಂಗೈ ಮೇಲೆ ಒಬ್ಬರ ತಿಂಡಿಗಾಗುವಷ್ಟು ಸಾಮಾನು ಸೇರಿತು, ಉರಿ ಮಾತ್ರ ಇದ್ದಷ್ಟೇ ಇತ್ತು.

ಅದೇ ಹೊತ್ತಿಗೆ ಹೆಂಡತಿಯ ಫೋನು. ಇವತ್ತು ಜೋಪಾನ ಎಂದಳು. ಎಡಗೈಯಲ್ಲಿ ಫೋನು ಹಿಡಿದು, ಎಲ್ಲ ಸರಿಯಾಗಿದೆ ಎಂದ. "ರೀ, ಇವಳು ನಿಮ್ಮ ಫೋಟೋ ತೋರಿಸಿ ಎಲ್ಲರ ಹತ್ರ, ಇವರು ನಮ್ಮನೆಗೆ ಬರ್ತಾರಂತೆ ಅಂತ ಹೇಳ್ಕೊಂಡು ಓಡಾಡ್ತಿದಾಳೆ," ಎಂದಳು ಅವಳು. ನೆಂಟರ ವಿಷಯ ಹೇಳಿದ ಹಾಗಿತ್ತು.

ಬೀದಿ ಮೂಲೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಇನ್ನೂ ಬಂದಿರಲಿಲ್ಲ. ಕಂಪೌಂಡರ್ ಇದ್ದ. ಅವನು ಅಂಗೈಯ ತಿಂಡಿಯನ್ನೆಲ್ಲ ತೊಳೆದು, ಮುಲಾಮು ಸವರಿ, ಬ್ಯಾಂಡೇಜು ಸುತ್ತಲು ಶುರುಮಾಡಿದ. ಹೊಸ ಸುರುಳಿಗಳು ಬಂದಿದ್ದವು, ಅವನ ಕೈ ಧಾರಾಳವಾಗಿತ್ತು. ಸುತ್ತಿ ಮುಗಿಸಿದಾಗ ಆಗ್ಲಪ್ಪನ ಕೈ ಹೋಗಿ ಅಲ್ಲೊಂದು ಪುಟ್ಟ ದಿಂಬು ಇತ್ತು. ಜೊತೆಗೆ ನಾಲ್ಕು ಮಾತ್ರೆ ಕೊಟ್ಟ.

"ಒಂದು ತಗೊಂಡ್ರೆ ನೋವು ಗೊತ್ತಾಗಲ್ಲ," ಎಂದ ಕಂಪೌಂಡರ್. "ಎರಡು ತಗೊಂಡ್ರೆ ಯಾವುದೂ ಗೊತ್ತಾಗಲ್ಲ. ಅದಕ್ಕೇ ಒಂದೇ ತಗೊಳ್ಳಿ."

ಹೊರಗೆ ಬಂದು, ಆಚೀಚೆ ನೋಡಿ, ಆಗ್ಲಪ್ಪ ಒಂದು ಚಪ್ಪಾಳೆ ತಟ್ಟಿ ನೋಡಿದ. ಹಾಸಿಗೆಯ ಧೂಳು ಕೊಡವಿದಂತೆ ದಪ್ ಎಂದಿತು. ಇನ್ನೊಮ್ಮೆ ಜೋರಾಗಿ ತಟ್ಟಿದ. ಸದ್ದು ಅಷ್ಟೇ, ನೋವು ಮಾತ್ರ ನೆತ್ತಿಗೇರಿತು. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂದು ಹಿರಿಯರು ಹೇಳಿದ್ದು ಜಗಳದ ವಿಷಯದಲ್ಲಿ. ಯಾರ ಜೊತೆಗೂ ಜಗಳವಾಡದ ಆಗ್ಲಪ್ಪನಿಗೆ ಅದು ಬೀದಿಯಲ್ಲಿ ನಿಂತು ಅನುಭವಕ್ಕೆ ಬಂತು.

ಸಾಹೇಬರ ಮುಂದೆ ಇದ್ದದ್ದು ಇದ್ದಂತೆ ಹೇಳಿಬಿಡುವುದೇ ಮೇಲು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಕಚೇರಿಗೆ ಹೋದ. ಸಾಹೇಬರ ಕೋಣೆಯಲ್ಲಿ ಆಗಲೇ ಬಿರುಗಾಳಿ ಎದ್ದಿತ್ತು. ಹೆಡ್‌ಕ್ಲಾರ್ಕ್‌ಗೆ ಕಿವಿನೋವಂತೆ, ಸಂಜೆ ಬರಲಾರನಂತೆ. ಇವತ್ತೇ ಕಿವಿನೋವು ಬಂದದ್ದು ಹೇಗೆ, ಸಂಗೀತ ಇಲ್ಲದ ದಿನ ಆ ಕಿವಿ ಎಲ್ಲಿತ್ತು ಎಂದು ಸಾಹೇಬರು ಮೇಜು ಗುದ್ದುತ್ತಿದ್ದರು. ಇವತ್ತು ನೆಪ ಹೇಳುವವರನ್ನೆಲ್ಲ ನಾಳೆ ನೋಡಿಕೊಳ್ಳುತ್ತೇನೆ ಎಂದರು. ಆಗ್ಲಪ್ಪನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ನೀವೊಬ್ರೇ ಕಣ್ರೀ ನಂಬಿಕಸ್ತರು," ಎಂದು ಸಾಹೇಬರು ಕೈ ಕುಲುಕಲು ಕೈ ಚಾಚಿದರು. ಇವನು ಎಡಗೈ ಕೊಟ್ಟ. ಸಾಹೇಬರು ಅದನ್ನೇ ಒಂದು ಗಳಿಗೆ ನೋಡಿ, ಸಂಗೀತದ ಸಹವಾಸದಿಂದ ಬಂದ ಹೊಸ ಶಿಷ್ಟಾಚಾರ ಇರಬೇಕೆಂದು ಅದನ್ನೇ ಕುಲುಕಿದರು. ನಾಳೆ ಬೆಳಿಗ್ಗೆ ವರ್ಗಕ್ಕೆ ಸಹಿ ಎಂದರು. ಹೇಳಬೇಕೆಂದು ತಂದ ಮಾತನ್ನೆಲ್ಲ ಆಗ್ಲಪ್ಪ ನುಂಗಿಕೊಂಡು, ಹಿಮ್ಮುಖವಾಗಿ ನಡೆಯುತ್ತ ಬಾಗಿಲು ದಾಟಿದ.

ಕಡತದ ಕೋಣೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೇ ಎಲ್ಲರೂ ಬಂದು ದಿಂಬನ್ನು ಮುಟ್ಟಿ ನೋಡಿದರು. ಲೆಕ್ಕಪತ್ರದ ಅಕ್ಕ, ಎಡಗೈಯಿಂದ ತೊಡೆ ತಟ್ಟಿಕೋ ಎಂದರು. ತಟ್ಟಿಕೊಂಡ. ಕುಸ್ತಿಗೆ ಇಳಿದವನಂತೆ ಕಾಣುತ್ತದೆ, ಬೇಡ ಎಂದು ಅವರೇ ಹೇಳಿದರು. ಡ್ರೈವರು ಕಾಗದದ ಚೀಲ ಊದಿ ಒಡೆ ಎಂದ. ಕಡೆಗೆ ದಾರಿ ತೋರಿಸಿದವನು ಟೈಪಿಸ್ಟ್. ಅವನು ಆಗ್ಲಪ್ಪನ ಏಕಮಾತ್ರ ಗೆಳೆಯ. ಕಚೇರಿ ಇರುವ ಊರಿನಲ್ಲೇ ಹುಟ್ಟಿ, ಹುಟ್ಟಿದ ಬೀದಿಯಲ್ಲೇ ಮದುವೆಯಾಗಿ, ಬಸ್ಸು ಹತ್ತಿದರೆ ಸಾಕು ವಾಂತಿ ಮಾಡಿಕೊಳ್ಳುವ ಪ್ರಾಣಿ. ಅವನ ಚಪ್ಪಾಳೆಗೆ ಮಾತ್ರ ಕಿಟಕಿಯ ಪಾರಿವಾಳಗಳು ಹಾರಿಹೋಗುತ್ತಿದ್ದವು.

"ನಾನು ನಿನ್ನ ಹಿಂದೇನೇ ಕೂತಿರ್ತೀನಿ ಮಾರಾಯ," ಎಂದ ಟೈಪಿಸ್ಟ್. "ಡಾಕ್ಟ್ರ ಕನ್ನಡಕ ನನ್ನ ಕಣ್ಣಿಗೆ ಅಷ್ಟು ದೂರಕ್ಕೆ ಕಾಣ್ಸಲ್ಲ. ನಿನ್ನ ತಲೆ ಕಾಣುತ್ತೆ. ನೀನು ತಲೆ ಆಡಿಸು, ನಾನು ಬಾರಿಸ್ತೀನಿ. ಸದ್ದು ನಿಂದೋ ನಂದೋ ಅಂತ ಯಾರು ಕೇಳ್ತಾರೆ?"

ಆಗ್ಲಪ್ಪನಿಗೆ ಹೋದ ಜೀವ ಬಂದಂತಾಯಿತು. ಊಟದ ಹೊತ್ತಿನಲ್ಲಿ ಅಭ್ಯಾಸವನ್ನೂ ಮಾಡಿದರು. ತಲೆ ಬಗ್ಗಿತು, ಪಟ್. ತಲೆ ಬಗ್ಗಿತು, ಪಟ್. ಒಂದು ಸಲವೂ ತಪ್ಪಲಿಲ್ಲ. ಮಧ್ಯಾಹ್ನ ಕೈ ಮತ್ತೆ ಧಗಧಗ ಉರಿಯತೊಡಗಿದಾಗ ಲೆಕ್ಕಪತ್ರದ ಅಕ್ಕ, ಇಂಥ ದಿನ ಜಿಪುಣತನ ಮಾಡಬೇಡ, ಎರಡು ಮಾತ್ರೆ ನುಂಗು ಎಂದರು. ಆಗ್ಲಿ ಅಂದ. ನುಂಗಿದ.

ಸಂಜೆ ಸಭಾಂಗಣ ತುಂಬಿತ್ತು. ತುಂಬಲೇಬೇಕಿತ್ತು. ಕಿಟಕಿ ತೆರೆದರೆ ಬೀದಿಯ ಗದ್ದಲ ಒಳಬರುತ್ತದೆಂದು ಮುಚ್ಚಿದ್ದರು, ಫ್ಯಾನು ಗರಗರ ಅನ್ನುತ್ತದೆಂದು ನಿಲ್ಲಿಸಿದ್ದರು. ಮಡಿಸುವ ಕುರ್ಚಿಗಳ ಮೇಲೆ ಜನ ಬೆವರುತ್ತ ಕೂತಿದ್ದರು. ವೇದಿಕೆಯ ಮೇಲೆ ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡು ಪಿಯಾನೊ ಮುಂದೆ ಕೂತರು. ಮೇಷ್ಟರು ಚೆಲೊವನ್ನು ತಬ್ಬಿಕೊಂಡರು. ಡಾಕ್ಟರು ಗದ್ದದ ಕೆಳಗೆ ಪಿಟೀಲು ಸಿಕ್ಕಿಸಿ, ಕನ್ನಡಕ ಸರಿಮಾಡಿಕೊಂಡರು. ಮುಂದಿನ ಸಾಲಿನ ನಡುವೆ ಆಗ್ಲಪ್ಪ, ದಿಂಬನ್ನು ಕರವಸ್ತ್ರದ ಕೆಳಗೆ ಮುಚ್ಚಿಟ್ಟುಕೊಂಡು, ಆ ಕನ್ನಡಕದ ಮೇಲೆ ಕಣ್ಣು ನೆಟ್ಟ. ಅವನ ಹಿಂದೆ ಟೈಪಿಸ್ಟ್ ಅವನ ತಲೆಯ ಮೇಲೆ ಕಣ್ಣು ನೆಟ್ಟ. ಉಳಿದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು.

ಮೊದಲ ಭಾಗ ರಭಸದ್ದು. ಮೂರು ವಾದ್ಯಗಳೂ ಒಂದನ್ನೊಂದು ಅಟ್ಟಿಸಿಕೊಂಡು ಓಡಿದವು, ಕೊನೆಯಲ್ಲಿ ಮೂರೂ ಒಟ್ಟಿಗೆ ಗೋಡೆಗೆ ಹಾಯ್ದಂತೆ ನಿಂತವು. ಕನ್ನಡಕ ಮೂಗಿನ ಮೇಲೇ ಇತ್ತು. ಆಗ್ಲಪ್ಪ ಕಲ್ಲಿನಂತೆ ಕೂತ. ಸಭೆಯೂ ಕಲ್ಲಾಯಿತು. ಪಕ್ಕದ ಗೋಡೆಗೆ ಒರಗಿ ನಿಂತಿದ್ದ ಸಾಹೇಬರ ಮುಖದಲ್ಲಿ ಒಂದು ವರ್ಷದ ನಂತರ ನಗು ಕಾಣಿಸಿತು. ಮೇಡಂ ಕೂಡ ಆಗ್ಲಪ್ಪನ ಕಡೆ ನೋಡಿ ಮೆಚ್ಚುಗೆಯಿಂದ ಕಣ್ಣು ಮಿಟುಕಿಸಿದರು. ಬೆಟ್ಟದಾಚೆಯ ಊರಿನ ಬಸ್ಸು ಅರ್ಧ ದಾರಿಗೆ ಬಂದುಬಿಟ್ಟಿತ್ತು.

ಎರಡನೆಯ ಭಾಗ ನಿಧಾನದ್ದು. ಅದರ ನಿಧಾನವನ್ನು ಆಗ್ಲಪ್ಪ ಮೇಡಂ ಮನೆಯಲ್ಲೇ ಕಂಡಿದ್ದ, ಆದರೆ ಅಲ್ಲಿ ಎರಡು ಮಾತ್ರೆಗಳು ಅವನ ಹೊಟ್ಟೆಯಲ್ಲಿರಲಿಲ್ಲ. ಚೆಲೊ ಮೆಲ್ಲಗೆ, ಯಾರೋ ಹಿರಿಯರು ಬೆನ್ನು ತಟ್ಟಿ ಮಲಗಿಸುವಂತೆ ಗುನುಗತೊಡಗಿತು. ಆಗ್ಲಪ್ಪನ ರೆಪ್ಪೆಗಳು ಭಾರವಾದವು. ಎಡಗೈಯಿಂದ ತೊಡೆ ಚಿವುಟಿಕೊಂಡ. ನಾಲಗೆ ಕಚ್ಚಿಕೊಂಡ. ಮಗಳ ಮುಖ ನೆನೆಸಿಕೊಂಡ. ಅದೇ ತಪ್ಪಾಯಿತು, ಮಗಳ ಜೊತೆಗೆ ತೊಟ್ಟಿಲೂ ನೆನಪಿಗೆ ಬಂತು. ಒಮ್ಮೆ ಕಷ್ಟಪಟ್ಟು ಕಣ್ಣು ತೆರೆದಾಗ ಡಾಕ್ಟರು ಮೇಷ್ಟರ ಮುಖ ನೋಡುತ್ತಿದ್ದರು, ಮೇಷ್ಟರು ಮೇಡಂ ಮುಖ ನೋಡುತ್ತಿದ್ದರು, ಮೇಡಂ ಮುಖ ಬೆಳ್ಳಗಾಗಿತ್ತು. ಸಂಗೀತದಲ್ಲಿ ಮುಳುಗಿದವರು ಹೀಗೇ ಇರುತ್ತಾರೇನೋ ಎಂದುಕೊಂಡ. ಅಷ್ಟು ದೊಡ್ಡ ಯೋಚನೆಯ ಭಾರವನ್ನು ಅವನ ಕುತ್ತಿಗೆ ತಡೆಯಲಿಲ್ಲ. ತಲೆ ಎದೆಯ ಮೇಲೆ ಬಿತ್ತು.

ಟೈಪಿಸ್ಟ್ ಬಾರಿಸಿದ.

ಅವನನ್ನು ಬೈಯುವಂತಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಂಡ. ಮಧ್ಯಾಹ್ನದ ಅಭ್ಯಾಸಕ್ಕಿಂತ ಚೆನ್ನಾಗಿಯೇ ಬಾರಿಸಿದ. ಮರುಗಳಿಗೆಗೆ ಇಡೀ ಇಲಾಖೆ ಬಾರಿಸಿತು, ವರ್ಷದಿಂದ ಕೈಯಲ್ಲಿ ಕಟ್ಟಿಹಾಕಿಟ್ಟಿದ್ದನ್ನೆಲ್ಲ ಬಾರಿಸಿತು. ಆ ಸದ್ದಿಗೆ ಆಗ್ಲಪ್ಪ ಬೆಚ್ಚಿ ಎದ್ದ. ಡಾಕ್ಟರ ಕನ್ನಡಕ ಮೂಗಿನ ಮೇಲೇ ಇತ್ತು. ಕಮಾನು ಇನ್ನೂ ತಂತಿಯ ಮೇಲೆ ಆಡುತ್ತಿತ್ತು. ಆಗ್ಲಪ್ಪ ಹಿಂದಕ್ಕೆ ತಿರುಗಿ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ. ತಲೆ ಆಡಿದ್ದನ್ನು ಕಂಡು ಟೈಪಿಸ್ಟ್ ಇನ್ನೂ ಜೋರಾಗಿ ಬಾರಿಸಿದ. ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ, ಮೇಡಂ ಎದ್ದು ಬಾಗುವವರೆಗೂ ನಿಲ್ಲಿಸಬಾರದೆಂದು ಸಾಹೇಬರ ಆಜ್ಞೆ. ಮೊದಲು ಪಿಟೀಲು ಸುಮ್ಮನಾಯಿತು, ಆಮೇಲೆ ಚೆಲೊ. ಮೇಡಂ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚಪ್ಪಾಳೆ ನಡೆದೇ ಇತ್ತು. ಕಡೆಗೆ ಅವರು ಎದ್ದು ಬಾಗಿದರು. ನಲ್ಲಿ ತಿರುಗಿಸಿದಂತೆ ಸದ್ದು ನಿಂತಿತು, ಯಾರೋ ಪರದೆ ಎಳೆದರು.

ಸಾಹೇಬರು ಎಲ್ಲರನ್ನೂ ಹೊರಗಿನ ಮೊಗಸಾಲೆಗೆ ಕರೆದರು. ಅವರ ಮುಖ ನೋಡುವಂತಿರಲಿಲ್ಲ. ಮುಂದಿನ ಒಂದು ವರ್ಷದ ಹೋಟೆಲೂಟ ಅದರಲ್ಲಿ ಬರೆದಿತ್ತು.

"ಮೊದಲು ಬಾರಿಸಿದ್ದು ಯಾರು?" ಎಂದು ಕೇಳಿದರು. "ಯಾರೇ ಆಗಿರ್ಲಿ, ನಾಳೆ ಬೆಳಿಗ್ಗೆ ಅವನಿಗೆ ಬೆಟ್ಟದಾಚೆಗೆ ವರ್ಗ. ಇಷ್ಟು ಜನರ ಎದುರಿಗೆ ಹೇಳ್ತಿದೀನಿ, ನಾನು ಆಡಿದ ಮಾತು ವಾಪಸು ತಗೊಳ್ಳೋನಲ್ಲ."

ಎಲ್ಲರ ಕಣ್ಣೂ ಟೈಪಿಸ್ಟನ ಕಡೆ ಹೊರಳಿತು. ಅವನ ಅಂಗೈಗಳು ಇನ್ನೂ ಕೆಂಪಗಿದ್ದವು. ಅವನು ಗೆಳೆಯನ ಕಡೆಗೆ ಬೆರಳು ತೋರಿಸಲಿಲ್ಲ, ಆಗಲೇ ಬಸ್ಸು ಹತ್ತಿದವನಂತೆ ಹೊಟ್ಟೆ ಹಿಡಿದುಕೊಂಡು ನಿಂತ.

ಅದನ್ನು ಕಂಡು ಆಗ್ಲಪ್ಪ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಮರುಗಿದ. ಆ ಮರುಕದ ಬೆನ್ನಿಗೇ, ಅದನ್ನು ಪಕ್ಕಕ್ಕೆ ತಳ್ಳಿಕೊಂಡು, ಇನ್ನೊಂದು ಯೋಚನೆ ನುಗ್ಗಿ ಬಂತು. ಬೆಟ್ಟದಾಚೆಗೆ. ಯಾರೇ ಆಗಿರ್ಲಿ. ನಾಳೆ ಬೆಳಿಗ್ಗೆ. ಇಷ್ಟು ವರ್ಷ ಅವನಿಂದ ಆಗದ ತಪ್ಪು ಕಡೆಗೂ ಆಗಿತ್ತು, ಅದೂ ನಿದ್ದೆಯಲ್ಲಿ. ಅವನು ಜನರನ್ನು ಸರಿಸಿಕೊಂಡು ಮುಂದೆ ಬಂದ. ದಿಂಬನ್ನು ಎತ್ತಿ ಹಿಡಿದ.

"ಸಾರ್, ಅವನದ್ದೇನೂ ತಪ್ಪಿಲ್ಲ. ನನ್ನ ಕೈ ಸುಟ್ಟಿದೆ, ನೋಡಿ. ನಾನು ತಲೆ ಆಡಿಸಿದೆ, ಅದಕ್ಕೇ ಅವನು ಬಾರಿಸಿದ. ಎಲ್ಲ ಮಾಡಿದ್ದು ನಾನು. ಶಿಕ್ಷೆ ನನಗೇ ಆಗಬೇಕು."

ಕಚೇರಿಯಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಸಾಹೇಬರು, ನಿಮಗೆ ಅದು ಶಿಕ್ಷೆ ಹೇಗಾಗುತ್ತೆ ಎಂದು ಕೇಳಲು ಹೊರಟಿದ್ದರು. ಅಷ್ಟರಲ್ಲಿ ಲೆಕ್ಕಪತ್ರದ ಅಕ್ಕ ಹಿಂದಿನಿಂದ ಮೆಲ್ಲಗೆ, ಯಾರೇ ಆಗಿರ್ಲಿ ಅಂತ ತಾವೇ ಅಂದಿರಿ ಸಾರ್ ಎಂದರು. ಹೌದು ಹೌದು ಎಂದು ನಾಲ್ಕಾರು ದನಿಗಳು ಸೇರಿದವು. ಸಾಹೇಬರು ತಾವು ಹೆಣೆದ ಬಲೆಯಲ್ಲಿ ತಾವೇ ಸಿಕ್ಕಿಬಿದ್ದಿದ್ದರು. ಬೇರೆ ದಾರಿ ಕಾಣದೆ, ಹಲ್ಲು ಕಚ್ಚಿಕೊಂಡು, ಆಯಿತು, ಹಾಗಾದ್ರೆ ನೀವೇ ಎಂದು ಶುರುಮಾಡಿದರು. ಮಗು ತೊಡೆಯೇರಿ ಕೂತದ್ದು ಆಗ್ಲಪ್ಪನ ಕಣ್ಣಿಗೆ ಕಟ್ಟಿತು, ಈ ಸಲ ಬಸ್ಸಿಗೆ ಹೊತ್ತಾಗುವ ಮಾತೇ ಇರಲಿಲ್ಲ.

ಆಗ ವೇದಿಕೆಯ ಕಡೆಯ ಬಾಗಿಲು ತೆರೆದು ಮೇಡಂ ಬಂದರು. ಕಣ್ಣು ಒದ್ದೆಯಾಗಿತ್ತು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

"ತಲೆ ಆಡಿಸಿದ್ದು ನೀವಾ?" ಎಂದು ಮೇಡಂ ಆಗ್ಲಪ್ಪನನ್ನು ಕೇಳಿದರು.

ಹೌದೆಂದ. ಇನ್ನೂ ಖಚಿತವಾಗಲೆಂದು, ಅವನು ಬರೀ ನನ್ನ ತಲೆ ನೋಡಿ ಬಾರಿಸಿದ್ದು ಎಂದೂ ಸೇರಿಸಿದ.

ಮೇಡಂ ಅವನ ದಿಂಬನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ನಾನು ಸ್ವರ ಬರೆದಿರೋ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟಿದ್ದೆ," ಎಂದರು. "ನಾನೊಂದು ಕಡೆ, ಡಾಕ್ಟರೊಂದು ಕಡೆ, ಮೇಷ್ಟ್ರೊಂದು ಕಡೆ ಹೋಗಿದ್ವಿ. ಇನ್ನೊಂದು ಗಳಿಗೆ ಹೋಗಿದ್ರೆ ಮೂರೂ ನಿಂತು, ನಾನು ಈ ಊರಲ್ಲಿ ಮುಖ ಎತ್ತೋ ಹಾಗಿರ್ಲಿಲ್ಲ. ಇಷ್ಟು ಜನರಲ್ಲಿ ಅದು ಗೊತ್ತಾಗಿದ್ದು ನಿಮಗೊಬ್ಬರಿಗೆ. ಕೈ ಸುಟ್ಟಿದ್ರೂ ಬಂದು ಮಾನ ಉಳಿಸಿದ್ರಿ."

ಆಗ್ಲಪ್ಪ ಬೆವತುಹೋದ. ಇಲ್ಲಮ್ಮಾ, ನನಗೆ ನಿದ್ದೆ ಎಂದು ತೊದಲಿದ. ಗೊತ್ತು, ನಿದ್ದೆಗೆಟ್ಟು ಕಲಿತಿದ್ದೀರಿ ಎಂದು ಮೇಡಂ ಕಣ್ಣೊರೆಸಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿದರು.

"ಇವರನ್ನ ಎಲ್ಲಿಗೂ ಕಳಿಸಬೇಡಿ. ಈ ವರ್ಷ ಅಂತಲ್ಲ, ನಾನು ನುಡಿಸೋ ತನಕ ಇವರು ಮುಂದಿನ ಸಾಲಲ್ಲಿರಬೇಕು."

ಸಾಹೇಬರ ಮುಖ ಅರಳಿತು. ಮನೆಯೂಟದ ಹಬೆ ಅವರ ಮೂಗಿಗೆ ಬಡಿದಿರಬೇಕು. ಆಗ್ಲಪ್ಪನ ಬೆನ್ನು ತಟ್ಟಿ, ಬಹುಮಾನ ಕೊಡುವವರ ದನಿಯಲ್ಲಿ, ಇನ್ನು ಮೇಲೆ ವರ್ಗದ ಚಿಂತೆ ಬಿಟ್ಟುಬಿಡಿ, ನಿವೃತ್ತಿಯಾಗುವ ತನಕ ನಿಮ್ಮನ್ನು ಇಲ್ಲಿಂದ ಅಲುಗಾಡಿಸಲು ಯಾರಿಂದಲೂ ಆಗದು ಎಂದರು. ಬೆಳಿಗ್ಗೆ ಕೊಟ್ಟ ಮಾತು ಏನಾಯಿತೆಂದು ಕೇಳಲು ಹೊರಟ ಆಗ್ಲಪ್ಪನ ಬಾಯಿಂದ ಬಂದದ್ದು ಆಗ್ಲಿ ಎಂಬ ಮಾತೊಂದೇ. ಆದರೆ ಇಷ್ಟು ಜನರ ಎದುರು ಆಡಿದ ಮಾತನ್ನು ಸಾಹೇಬರು ವಾಪಸು ತೆಗೆದುಕೊಳ್ಳುವವರಲ್ಲ. ತಲೆ ಆಡಿಸಿದವರು ಒಬ್ಬರು, ಮೊದಲು ಕೈ ಬಾರಿಸಿದವನು ಇನ್ನೊಬ್ಬ ಎಂದು ತೂಕ ಮಾಡಿ ಹೇಳಿದರು. ಟೈಪಿಸ್ಟ್ ನಾಳೆ ಬೆಳಿಗ್ಗೆ ಬೆಟ್ಟದಾಚೆಗೆ ಹೊರಡಲು ಸಿದ್ಧನಾಗಬೇಕು.

ಇಂಥ ರಸಿಕರು ಇರುವಾಗ ಅರ್ಧಕ್ಕೆ ಬಿಡುವುದು ಸರಿಯಲ್ಲ, ಕೃತಿಯನ್ನು ಮೊದಲಿನಿಂದ ನುಡಿಸುತ್ತೇವೆ ಎಂದು ಮೇಡಂ ಉತ್ಸಾಹದಿಂದ ಒಳಗೆ ಹೋದರು. ಸಿಬ್ಬಂದಿಯವರು ಒಬ್ಬೊಬ್ಬರಾಗಿ ಒಳಗೆ ಹೋಗುವಾಗ ಆಗ್ಲಪ್ಪನನ್ನು ನೋಡಿದ ನೋಟವನ್ನು ಬರೆಯದಿರುವುದೇ ಒಳ್ಳೆಯದು.

ಅವನು ಹೋಗಿ ತನ್ನ ಜಾಗದಲ್ಲಿ ಕೂತ. ಮಾತ್ರೆಯ ಅಮಲೆಲ್ಲ ಇಳಿದು ಕೈ ಉರಿಯುತ್ತಿತ್ತು. ಫೋನು ಜೇಬಿನಲ್ಲಿ ಎರಡು ಸಲ ನಡುಗಿ ಸುಮ್ಮನಾಯಿತು. ಏನಾಯಿತು ಎಂದು ಹೆಂಡತಿ ಕೇಳುತ್ತಿದ್ದಾಳೆ, ಅವಳಿಗೆ ಏನೆಂದು ಹೇಳುವುದು? ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಟೈಪಿಸ್ಟ್ ಬಂದು ಕೂತಿದ್ದ. ಬೈದರೂ ಬೈಸಿಕೊಳ್ಳುತ್ತೇನೆ ಎಂದುಕೊಂಡು ಆಗ್ಲಪ್ಪ ತಲೆ ತಗ್ಗಿಸಿ ಕಾದ. ಪರದೆ ಸರಿಯಿತು. ಆಗ ಕಿವಿಯ ಹತ್ತಿರ ಟೈಪಿಸ್ಟನ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ನಿನ್ನ ಮಗಳಿಗೆ ಏನಾದ್ರೂ ಕೊಟ್ಟು ಕಳಿಸೋದಿದ್ರೆ ನಾಳೆ ಬೆಳಿಗ್ಗೇನೇ ಕೊಡು ಮಾರಾಯ. ಇನ್ಮೇಲೆ ನಾನು ಅಲ್ಲೇ ಇರ್ತೀನಲ್ಲ."

ಆಗ್ಲಪ್ಪ ಏನೋ ಹೇಳಬೇಕೆಂದು ಹಿಂದಕ್ಕೆ ಹೊರಳಿದ. ಅಷ್ಟರಲ್ಲಿ ಡಾಕ್ಟರು ಕಮಾನು ಎತ್ತಿದರು, ಅವನು ಮುಂದಕ್ಕೆ ನೋಡಲೇಬೇಕಾಯಿತು.